ಸಂಜೆಗೆ ಮುಗಿಯುವ ನೌಕರಿ

"ನೀರು ತಂದಿದ್ದೀಯೋ, ದನದ ಉಚ್ಚೆ ತಂದಿದ್ದೀಯೋ? ಕಣ್ಣಂತೂ ಕುರುಡು, ಮೂಗೂ ಇಲ್ವೇನೆ ನಿಂಗೆ?"

ಸರ್ಕಾರಿ ಬಂಗಲೆಯ ಹಿಂಬದಿಯ ಮೆಟ್ಟಿಲ ಮೇಲೆ ನಿಂತು ಎಲಿನಾಮಿ ಬೈಯುತ್ತಿದ್ದ. ಕೆಳಗೆ ನಕಿಜ್ವಾ ತುಂಬಿದ ಸೀಮೆಎಣ್ಣೆ ಡಬ್ಬವನ್ನು ತಲೆಯ ಮೇಲೆ ಹೊತ್ತು ನಿಂತಿದ್ದಳು. ಬೈಗುಳ ಮುಗಿಯುವ ತನಕ ಡಬ್ಬ ಇಳಿಸುವಂತಿರಲಿಲ್ಲ. ಇಳಿಸಿದರೆ ಅದಕ್ಕೆ ಬೇರೆ ಬೈಗುಳ.

"ಮೇಲ್ಗಡೆ ಮಳೆ ಆಗ್ಯದೆ ಬ್ವಾನಾ. ತೊರೆ ಕೆಂಪಾಗ್ಯದೆ. ಒಸಿ ಹೊತ್ತು ಬುಟ್ರೆ ತಿಳಿಯಾಯ್ತದೆ."

"ಬ್ವಾನಾ ಅನ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಳಿ? ಬ್ವಾನಾಗಳೆಲ್ಲ, ಆ ದೊರೆಗಳೆಲ್ಲ, ಹಡಗು ಹತ್ತಿ ಹೋದ್ರು. ಈಗ ಎಲ್ರೂ ನ್ದುಗು. ಒಡಹುಟ್ಟಿದವರು. ತಲೆಗೆ ಹೋಯ್ತೇನೆ, ಮುಂಡೇದೆ?"

ಒಡಹುಟ್ಟಿದವನು ಮೆಟ್ಟಿಲಿಳಿದು ಬಂದು ಡಬ್ಬದೊಳಗೆ ಬೆರಳದ್ದಿ ನೋಡಿದ. ಬೆರಳನ್ನು ಅವಳ ತೋಳಿನ ಬಟ್ಟೆಗೇ ಒರೆಸಿದ. ಚೆಲ್ಲು ಅಂದ. ಅವಳು ಚೆಲ್ಲಿದಳು. ಕೆಂಪು ನೀರು ಅವಳ ಪಾದ ತೋಯಿಸಿಕೊಂಡು ಬಾಳೆಯ ಬುಡಕ್ಕೆ ಹರಿಯಿತು. ಬಂಗಲೆಯಿಂದ ತೊರೆಗೆ ಇಳಿಯುವುದೆಂದರೆ ಗುಡ್ಡದ ಅರ್ಧ ಇಳಿದಂತೆ. ನಕಿಜ್ವಾ ಸಿಂಬಿ ಸರಿಮಾಡಿಕೊಂಡು ಮತ್ತೆ ಇಳಿದಳು.

ಹಿಂದೆ ಬರುತ್ತಿದ್ದ ನಮ್ಕುಂಡಾ ತನ್ನ ಡಬ್ಬವನ್ನೂ ಚೆಲ್ಲಿ ಜೊತೆಗೆ ಬಂದಳು. ನಮ್ಕುಂಡಾ ಇನ್ನೂ ಗಟ್ಟಿ ಹೆಂಗಸು, ಬಾಯಿ ಅದಕ್ಕಿಂತ ಗಟ್ಟಿ.

"ಒಡವುಟ್ಟಿದೋನಂತೆ. ನಮ್ಮವ್ವ ಇಂಥೋನ್ನ ಎತ್ತಿದ್ರೆ ಅವತ್ತೇ ಕತ್ ಇಸುಕಿರೋಳು."

ನಕಿಜ್ವಾ ನಗಲಿಲ್ಲ. ನಾಳೆ ರಾಜಧಾನಿಯಿಂದ ಸಮಿತಿ ಬರುತ್ತದೆ, ಅಧ್ಯಕ್ಷರು ಕೂತು ಮೀಯಲು ಬಿಸಿನೀರಿನ ತೊಟ್ಟಿ ತುಂಬಿರಬೇಕು ಎಂದು ಎಲಿನಾಮಿ ವಾರದಿಂದ ಹಾರಾಡುತ್ತಿದ್ದ. ಯಾತರ ಸಮಿತಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಮ್ಕುಂಡಾ ಅಂಗಡಿಯ ರೇಡಿಯೋದಲ್ಲಿ ಕೇಳಿಸಿಕೊಂಡಿದ್ದಳು. ತೊರೆಯ ಕಲ್ಲಿನ ಮೇಲೆ ಕೂತು, ಕೆಸರು ತಳಕ್ಕಿಳಿಯುವುದನ್ನು ಕಾಯುತ್ತ, ತನಗೆ ತಿಳಿದಷ್ಟನ್ನು ಹೇಳಿದಳು. ನಮ್ಮನ್ನು ಆಳಿದ ಬಿಳಿ ದೊರೆಗಳಿದ್ದರಲ್ಲ, ಅವರು ಕೆಲಸ ಬಿಟ್ಟು ತಮ್ಮ ದೇಶಕ್ಕೆ ಹೋದರೂ ಸಾಯುವ ತನಕ ಅವರಿಗೆ ಸಂಬಳ ಹೋಗುತ್ತಿದೆ. ಅದಕ್ಕೆ ಪಿಂಚಣಿ ಅನ್ನುತ್ತಾರೆ. ಅದನ್ನು ನಾವು ಕೊಡಬೇಕೋ, ಅವರ ರಾಣಿ ಕೊಡಬೇಕೋ ಅಂತ ದೊಡ್ಡವರಲ್ಲಿ ಜಗಳ.

"ಇಷ್ಟ್ ದಿನ ಯಾರ್ ಕೊಡ್ತಿದ್ರು?" ಎಂದಳು ನಕಿಜ್ವಾ.

"ನಾವೇ ಕನಕ್ಕ. ನೀನು, ನಾನು. ನಿನ್ ಬಾಳೆಗೊನೆ ತೆರಿಗೆ, ನನ್ ಗಂಡನ್ ತಲೆ ತೆರಿಗೆ."

"ಕೊಕ್ಕರೆಗೂವೆ?"

"ಕೊಕ್ಕರೆಗೂ."

ಕೊಕ್ಕರೆ ಎಂದರೆ ಇಂಗ್ಲಿಷ್ ದೊರೆ. ನಿಜ ಹೆಸರು ಊರಿಗೆ ಬೇಡವಾಗಿತ್ತು. ಉದ್ದ ಕಾಲು, ಉದ್ದ ಕುತ್ತಿಗೆ, ಗದ್ದೆಯಲ್ಲಿ ಹುಳ ಹುಡುಕುವ ಹಾಗೆ ತಲೆ ಬಗ್ಗಿಸಿ ನಡೆಯುವವನು. ವರ್ಷಕ್ಕೆರಡು ಸಲ ತೆರಿಗೆ ಎತ್ತಲು ಈ ಪಾರೆ ಬೆಟ್ಟ ಹತ್ತಿ ಬರುತ್ತಿದ್ದ. ಆಗ ಜೀಪು ಹತ್ತುವ ದಾರಿ ಇರಲಿಲ್ಲ. ಅವನ ಡೇರೆ, ಮಂಚ, ಮೇಜು, ಬಾಟಲಿ ಎಲ್ಲ ಊರಿನ ಗಂಡಸರ ತಲೆಯ ಮೇಲೆ ಹತ್ತಬೇಕು. ಬರುವುದಿಲ್ಲ ಎಂದವನ ಮನೆಯಿಂದ ಮೇಕೆ ಹೊಡೆದುಕೊಂಡು ಹೋಗುತ್ತಿದ್ದರು. ಯಾರು ಯಾವ ಹೊರೆ ಹೊರಬೇಕೆಂದು ಗೊತ್ತುಮಾಡುತ್ತಿದ್ದವನು ಅವನ ಗುಮಾಸ್ತ, ಇದೇ ಎಲಿನಾಮಿ. ಮಿಷನ್ ಶಾಲೆಯಲ್ಲಿ ಓದಿದ ಈ ಬೆಟ್ಟದ್ದೇ ಹುಡುಗ.

ನಕಿಜ್ವಾಳ ಗಂಡ ಕಜಿರುವಿಗೆ ಆ ವರ್ಷ ಎದೆಯಲ್ಲಿ ಕಫ ಕಟ್ಟಿತ್ತು. ಹಗುರದ್ದು ಕೊಡಿ ಎಂದು ಕೈಮುಗಿದ. ಎಲಿನಾಮಿ ಭಾರದ ಅಡುಗೆ ಪೆಟ್ಟಿಗೆಯನ್ನೇ ಹೊರಿಸಿದ. ತೊರೆ ದಾಟಿ ಮೇಲಿನ ಏರಿನಲ್ಲಿ ಕಜಿರು ಕುಸಿದ. ಪೆಟ್ಟಿಗೆ ಅವನ ಎದೆಯ ಮೇಲೆಯೇ ಬಿತ್ತು. ದೊರೆ ಬಹಳ ಮುಂದೆ ಹೋಗಿದ್ದ. ಓಡಿ ಬಂದ ಎಲಿನಾಮಿ ಮೊದಲು ಪೆಟ್ಟಿಗೆ ಬಿಚ್ಚಿ ಪಿಂಗಾಣಿ ಬಟ್ಟಲು ನೋಡಿದ. ಆಮೇಲೆ ಕಜಿರುವಿನ ಪಕ್ಕೆಗೆ ಬೂಟುಗಾಲಿನಿಂದ ಒದ್ದು, ನಾಟಕ ಸಾಕು, ಏಳೋ ಅಂದ. ಕಜಿರು ಏಳಲಿಲ್ಲ.

ಮೊಲೆಗೂಸನ್ನು ಬೆನ್ನಿಗೆ ಕಟ್ಟಿಕೊಂಡು ನಕಿಜ್ವಾ ಇದೇ ಬಂಗಲೆಯ ಮುಂದೆ ನಿಂತಾಗ ಕೊಕ್ಕರೆ ದೊರೆ ಟೋಪಿ ತೆಗೆದು ದುಃಖ ಹೇಳಿದ. ದೊಡ್ಡ ಮನಸ್ಸು ಮಾಡಿ ನೀರು ಹೊರುವ ಕೆಲಸ ಕೊಡಿಸಿದ. ದಿನಗೂಲಿ. ಬೆಳಿಗ್ಗೆ ಸೇರಿಸಿಕೊಳ್ಳುವುದು, ಸಂಜೆಗೆ ಬಿಟ್ಟುಬಿಡುವುದು. ಅಂದಿನಿಂದ ಅವಳು ದಿನಾ ಬೆಳಿಗ್ಗೆ ಹೊಸ ಆಳಾಗಿ ಸೇರುತ್ತಿದ್ದಳು, ದಿನಾ ಸಂಜೆ ಯಾರೂ ಅಲ್ಲದವಳಾಗಿ ಮನೆಗೆ ಹೋಗುತ್ತಿದ್ದಳು. ಬೆನ್ನ ಮೇಲಿದ್ದ ಕೂಸು ಬೆಳೆದು, ಮದುವೆಯಾಗಿ, ಕೆಳಗಿನ ಕತ್ತಾಳೆ ತೋಟಕ್ಕೆ ಕೂಲಿಗೆ ಹೋಯಿತು. ಡಬ್ಬದ ಅಂಚು ಒತ್ತಿ ಒತ್ತಿ ನಕಿಜ್ವಾಳ ನೆತ್ತಿಯಲ್ಲಿ ಕೂದಲು ಹುಟ್ಟುವುದು ನಿಂತುಹೋಯಿತು. ದೊರೆ ಹೋದ. ಬಾವುಟ ಬದಲಾಯಿತು. ಗುಮಾಸ್ತ ಎಲಿನಾಮಿ ವಿಭಾಗಾಧಿಕಾರಿ ಎಲಿನಾಮಿಯಾದ. ತೊಟ್ಟಿ ಹಾಗೇ ಇತ್ತು.

"ಸತ್ತೋನ್ಗೆ ಮಣ್ಣು, ಸಾಯ್ಸಿದೋನ್ಗೆ ಪಿಂಚಣಿ," ಎಂದಳು ನಮ್ಕುಂಡಾ. "ನೀರ್ ತಿಳಿ ಆತು, ಏಳಕ್ಕ."

ಆ ಮಾತು ಕೇಳಿದ ಮೇಲೆ ನಕಿಜ್ವಾಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸಂಜೆ ಮನೆಯಲ್ಲಿ ಒಲೆಯ ಮೇಲಿನ ಮಕಾಂಡೆ ತಳ ಹತ್ತಿ ಸೀದು, ಜೋಳವೂ ಅವರೆಯೂ ಒಂದೇ ಕರಿ ಮುದ್ದೆಯಾಯಿತು. ಅದನ್ನು ಕೆರೆದು ಕೋಳಿಗೆ ಹಾಕಿ, ಉಂಡೆನೋ ಇಲ್ಲವೋ ಎಂಬುದೂ ನೆನಪಾಗದೆ ಅಂಗಳ ಗುಡಿಸಿದಳು. ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು.

ಮಾರನೆಯ ದಿನ ಬೆಳಿಗ್ಗೆ ಎಲಿನಾಮಿ ಅವಳನ್ನು ಬಂಗಲೆಯ ಒಳಕ್ಕೆ ಕರೆಸಿದ. ಕುರ್ಚಿಯ ಮೇಲಲ್ಲದಿದ್ದರೂ ಚಾಪೆಯ ಮೇಲೆ ಕೂರಿಸಿ ಸಕ್ಕರೆ ಹಾಕಿದ ಚಹಾ ಕೊಡಿಸಿದ. ಅವಳು ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ. ಸಮಿತಿಯವರು ಸಭೆಯಲ್ಲಿ ಜನರ ಮಾತು ಕೇಳುತ್ತಾರೆ ಎಂದು ಅವನು ಬಿಡಿಸಿ ಹೇಳಿದ. ಇಂಗ್ಲಿಷರ ಪಿಂಚಣಿ ನಿಲ್ಲಿಸಬೇಕೆಂದು ಊರೂರೂ ಕೂಗಬೇಕು. ಕೂಗಿದರೆ ಸಾಲದು, ಸಾಕ್ಷಿ ಬೇಕು. ಈ ವಿಭಾಗದಿಂದ ಅವಳೇ ಸಾಕ್ಷಿ.

"ನನ್ನ ಗಂಡ ದೊರೆಯ ಹೊರೆ ಹೊತ್ತು ಸತ್ತ, ಆ ದೊರೆಗೆ ನಮ್ಮ ಬೆವರಿನ ದುಡ್ಡು ಕೊಡಬೇಡಿ. ಇಷ್ಟು ಹೇಳು. ಹೇಳಿ ಅಳು. ಅಳು ಬರುತ್ತೆ ತಾನೆ?"

"ಬತ್ತದೆ."

"ಹೊರೆ ಯಾರು ಹೊರಿಸಿದ್ರು, ಯಾರು ಏನಂದ್ರು, ಆ ಪುರಾಣ ಎಲ್ಲ ಬೇಡ. ಹಳೇದು. ನಾವೆಲ್ಲ ಆಗ ಗುಲಾಮರೇ. ನಾನೂ ಗುಲಾಮನೇ, ನಿನ್ನ ಗಂಡನೂ ಗುಲಾಮನೇ."

ಅವಳು ಅಂದು ಸಭೆಗೆಂದು ತನಗಿದ್ದ ಒಂದೇ ಒಂದು ಒಳ್ಳೆಯ ಕಾಂಗಾ ಬಟ್ಟೆ ಉಟ್ಟು ಬಂದಿದ್ದಳು. ಮಗಳು ಕತ್ತಾಳೆ ತೋಟದಿಂದ ತಂದುಕೊಟ್ಟದ್ದು, ಹಳದಿಯ ಮೇಲೆ ಕಪ್ಪು ಗೋಡಂಬಿ ಚಿತ್ರ. ಎಲಿನಾಮಿ ಅದನ್ನು ಮೇಲಿಂದ ಕೆಳಗೆ ನೋಡಿ, ಮದುವೆಗೆ ಹೊರಟಿದ್ದೀಯಾ, ಹೋಗಿ ನೀರು ಹೊರುವಾಗ ಉಡುವ ಹರಕು ಉಟ್ಟುಕೊಂಡು ಬಾ ಅಂದ. ಹರಕು ಸಾಕಷ್ಟು ಹರಿದಿಲ್ಲವೆಂದು ಅವನಿಗೆ ಆಮೇಲೆ ಅನ್ನಿಸಿತು. ಭುಜದ ಹತ್ತಿರ ತಾನೇ ಬೆರಳು ತೂರಿಸಿ ಇನ್ನಷ್ಟು ಸೀಳಿದ.

ಸಮಿತಿ ಮಧ್ಯಾಹ್ನ ಬಂತು. ಅಧ್ಯಕ್ಷ ಲುಗೋಯೆ ದಪ್ಪ ಮನುಷ್ಯ, ಮೆದು ಮಾತು, ಕನ್ನಡಕ. ಹಿಂದೆ ಇಬ್ಬರು ಸದಸ್ಯರು. ಒಬ್ಬ ವಯಸ್ಸಾದವ, ಇನ್ನೊಬ್ಬ ಆಗತಾನೆ ಓದು ಮುಗಿಸಿದಂತಿದ್ದ ತೆಳ್ಳನೆಯವ. ಊಟವಾಗಿ ಜಗಲಿಯಲ್ಲಿ ಕೂತರು. ಹಿಂದಿನ ಬಚ್ಚಲಲ್ಲಿ ನಕಿಜ್ವಾ ಹಂಡೆಯಿಂದ ತೊಟ್ಟಿಗೆ ಬಿಸಿನೀರು ಸುರಿಯುತ್ತಿದ್ದಳು. ಬಚ್ಚಲಿಗೂ ಜಗಲಿಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಪ್ರತಿ ಮಾತೂ ಕೇಳುತ್ತಿತ್ತು.

ತೆಳ್ಳನೆಯವನು ಬಿಸಿಯಾಗಿದ್ದ. ನಮ್ಮನ್ನು ಆಳಿದ್ದಕ್ಕೆ ನಾವೇ ಕೂಲಿ ಕೊಡುವುದು ಯಾವ ನ್ಯಾಯ, ಕಳ್ಳನಿಗೆ ಮನೆಯವರು ದಾರಿ ಖರ್ಚು ಕೊಟ್ಟ ಹಾಗಾಯಿತು ಎನ್ನುತ್ತಿದ್ದ. ವಯಸ್ಸಾದವನು, ಬಾವುಟ ಏರಿಸುವ ಮುಂಚೆ ಕಾಗದಕ್ಕೆ ಸಹಿ ಹಾಕಿದವರು ನಾವೇ ತಾನೆ, ಈಗ ಇಲ್ಲ ಅಂದರೆ ಅವರು ಸಾಲ ನಿಲ್ಲಿಸುತ್ತಾರೆ, ಆಸ್ಪತ್ರೆ ಕಟ್ಟುವುದು ಯಾವುದರಲ್ಲಿ ಅಂದ. ಲುಗೋಯೆ ಎರಡಕ್ಕೂ ಹೂಂಗುಟ್ಟುತ್ತಿದ್ದ.

ಆಗ ಎಲಿನಾಮಿ ಗಂಟಲು ಸರಿಮಾಡಿಕೊಂಡ. ನಾಯಕರು ಏನು ತೀರ್ಮಾನಿಸಿದರೂ ಸರಿಯೇ, ಆದರೆ ಒಂದು ಸಣ್ಣ ಅರಿಕೆ ಇದೆ ಎಂದ. ಇಂಗ್ಲಿಷರದು ನಿಲ್ಲಲಿ. ಆದರೆ ಆ ಕಾಲದ ಸೇವೆಯೇ ಸೇವೆಯಲ್ಲ ಅಂದುಬಿಟ್ಟರೆ ತನ್ನಂಥ ಮಣ್ಣಿನ ಮಕ್ಕಳ ಗತಿಯೇನು? ಅರ್ಧ ಆಯಸ್ಸು ಆ ಸರ್ಕಾರದಲ್ಲೇ ಕಳೆದಿದೆ.

"ಸರ್ಕಾರ ಬದಲಾಗುತ್ತೆ ನ್ದುಗು, ಕುರ್ಚಿ ಬದಲಾಗಲ್ಲ. ಸೇವೆ ಅಂದ್ರೆ ಸೇವೆ. ನಾನು ಬಿಸಿಲು ಮಳೆ ಅನ್ನದೆ ಈ ಬೆಟ್ಟ ಹತ್ತಿದೀನಿ."

ಲುಗೋಯೆ ಸಣ್ಣಗೆ ನಕ್ಕು, ಹೆದರಬೇಡಿ, ನಿಮ್ಮ ಹಳೆಯ ವರ್ಷಗಳು ನಿಮ್ಮ ಪಿಂಚಣಿಗೆ ಸೇರಿಯೇ ಸೇರುತ್ತವೆ, ನಾವೆಲ್ಲ ಅದೇ ದೋಣಿಯವರು ಅಂದ. ತೆಳ್ಳನೆಯವನು ಸುಮ್ಮನಿರದೆ, ಹಾಗಾದರೆ ಹೊರೆ ಹೊತ್ತವರದ್ದು, ನೀರು ಹೊತ್ತವರದ್ದು ಎಂದು ಕೇಳಿದ.

"ಅವರು ದಿನಗೂಲಿಗಳಪ್ಪ. ಅವರ ನೌಕರಿ ಸಂಜೆಗೆ ಮುಗಿದುಹೋಗುತ್ತೆ. ಮುಗಿದು ಹೋದದ್ದನ್ನ ಎಲ್ಲಿಗೆ ಸೇರಿಸ್ತೀಯ?" ಎಂದ ಲುಗೋಯೆ.

ಬಿಸಿನೀರು ನಕಿಜ್ವಾಳ ಮೊಣಕೈ ಮೇಲೆ ಬಿತ್ತು. ಸುಟ್ಟದ್ದು ಅವಳಿಗೆ ಆಮೇಲೆ ತಿಳಿಯಿತು. ಕಜಿರು ಬಿದ್ದ ದಿನವೂ ಎಲಿನಾಮಿಯ ಸೇವೆಗೆ ಸೇರಿತ್ತು. ಅವನ ಪಕ್ಕೆಗೆ ಬೂಟು ತಗುಲಿದ ಆ ಗಳಿಗೆಗೂ ಎಲಿನಾಮಿಗೆ ಮುದಿತನದಲ್ಲಿ ಅನ್ನ ಸಿಗುತ್ತದೆ.

ಸಭೆ ಶಾಲೆಯ ಬಯಲಲ್ಲಿ. ಊರಿನವರೆಲ್ಲ ನೆಲದ ಮೇಲೆ ಕೂತಿದ್ದರು. ಆಳುವ ಪಕ್ಷದ ಹಸಿರು ಅಂಗಿಯ ಹುಡುಗರು ಕೋಲು ಹಿಡಿದು ಸುತ್ತ ನಿಂತಿದ್ದರು. ಎಲಿನಾಮಿ ಗಂಟಲು ಹರಿಯುವಂತೆ ಭಾಷಣ ಮಾಡಿದ. ರಕ್ತ ಹೀರಿದವರಿಗೆ ಒಂದು ಸೆಂಟೂ ಬೇಡ ಅಂದ. ಹುಡುಗರು ಚಪ್ಪಾಳೆ ತಟ್ಟಿಸಿದರು. ಕೊನೆಗೆ ಅವನು ನಕಿಜ್ವಾಳ ರಟ್ಟೆ ಹಿಡಿದು ಮುಂದಕ್ಕೆ ತಂದು, ಸೀಳಿದ ಭುಜ ಅಧ್ಯಕ್ಷರಿಗೆ ಕಾಣುವಂತೆ ನಿಲ್ಲಿಸಿದ.

ಅವಳು ಮೊದಲು "ಶಿಕಮೋ" ಅಂದಳು, ನಿಮ್ಮ ಪಾದ ಹಿಡಿದೆ ಅಂತ. ಹಿರಿಯರಿಗೆ ಹೇಳುವ ನಮಸ್ಕಾರ ಅದು. ಲುಗೋಯೆ ಅವಳಿಗಿಂತ ಕಿರಿಯನೇ ಇದ್ದ, ಆದರೂ ತಲೆಯಾಡಿಸಿ ಸ್ವೀಕರಿಸಿದ.

"ನನ್ ಗಂಡ ದೊರೆ ವೊರೆ ಒತ್ತು ಸತ್ತ," ಎಂದಳು. ದನಿ ತಾನಾಗಿ ಹೊರಟಿತು. "ಆ ದೊರೆಗೆ ನಮ್ ಬೆವ್ರಿನ್ ದುಡ್ ಕೊಡ್ಬ್ಯಾಡಿ."

ಎಲಿನಾಮಿ ಚಪ್ಪಾಳೆಗೆ ಕೈ ಎತ್ತಿದ. ಅವಳು ನಿಲ್ಲಿಸಲಿಲ್ಲ.

"ದೊರೆ ಮುಂದಕ್ಕೋಗಿದ್ದ. ನನ್ ಗಂಡನ್ಗೆ ಎದೆನೋವು ಅಂತ ತಿಳಿದೂ ತಿಳಿದೂ ಪೆಟ್ಗೆ ವೊರಿಸ್ದೋನು ದೊರೆ ಅಲ್ಲ. ಬಿದ್ದೋನ್ನ ಬುಟ್ಟು ಬಟ್ಲು ಒಡದ್ವಾ ಅಂತ ನೋಡ್ದೋನು ದೊರೆ ಅಲ್ಲ. ಸಾಯ್ತಾ ಇರೋನ್ ಪಕ್ಕೆಗೆ ಒದ್ದೋನು ದೊರೆ ಅಲ್ಲ. ಆ ಬೂಟ್ಗಾಲು ಇಲ್ಲೇ ನಿಂತದೆ. ಅದ್ಕೂ ಪಿಂಚಣಿ ಬ್ಯಾಡಿ. ಬುಡದಾದ್ರೆ ಇಬ್ರದ್ದೂ ಬುಡಿ. ಕೊಡದಾದ್ರೆ ಸತ್ತೋನ್ಗೂ ಕೊಡಿ."

ಎಲಿನಾಮಿಯ ಮುಖ ಕಪ್ಪಿಗಿಂತ ಕಪ್ಪಾಯಿತು. ಅವನು ಅಧ್ಯಕ್ಷನ ಕಿವಿಗೆ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆಯೇ, ಮುದುಕಿಗೆ ಗಂಡ ಸತ್ತಾಗಿನಿಂದ ತಲೆ ಸರಿಯಿಲ್ಲ, ಕನಿಕರಕ್ಕೆ ಕೆಲಸ ಕೊಟ್ಟಿದ್ದೇವೆ ಅಂದ. ಲುಗೋಯೆ ಕನ್ನಡಕ ಒರೆಸಿಕೊಂಡ. ತಾಯಿಯ ದುಃಖ ತನಗೂ ಅರ್ಥವಾಗುತ್ತದೆ, ಆದರೆ ದಿನಗೂಲಿಯ ವಿಷಯ ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಮೆದುವಾಗಿ ಹೇಳಿದ. ತೆಳ್ಳನೆಯವನು ತನ್ನ ಕಾಗದಗಳನ್ನು ಜೋಡಿಸತೊಡಗಿದ. ಹಸಿರು ಅಂಗಿಯ ಇಬ್ಬರು ನಕಿಜ್ವಾಳನ್ನು ಬಯಲಿನ ಅಂಚಿಗೆ ಎಳೆದುಕೊಂಡು ಹೋಗಿ ನೂಕಿದರು. ಅವಳು ಮಂಡಿಯೂರಿ ಬಿದ್ದಳು. ಯಾರೂ ಏಳಲಿಲ್ಲ. ನಮ್ಕುಂಡಾ ಒಬ್ಬಳೇ ಎದ್ದು ಬಂದು ಎತ್ತಿದಳು.

"ನಿಮ್ಮವ್ವಂದ್ರು ಎದೆಹಾಲ್ ಕುಡಿಸಿದ್ರೋ ಕತ್ತೆ ಉಚ್ಚೆ ಕುಡಿಸಿದ್ರೋ, ಬೋಳಿಮಕ್ಳಾ," ಎಂದು ಆ ಹುಡುಗರನ್ನು ಕೇಳಿದಳು. ಅವರಲ್ಲೊಬ್ಬ ಅವಳ ಅಕ್ಕನ ಮಗನೇ. ಅವನು ನೆಲ ನೋಡಿದ.

ಸಭೆ ಮುಗಿಯಿತು. ಬಯಲಿನ ಧೂಳು ಅಧ್ಯಕ್ಷನ ಕೋಟಿಗೆ ಹತ್ತಿತ್ತು. ಸಂಜೆಗೆ ಬೆಟ್ಟ ಇಳಿಯುವ ಮುಂಚೆ ಇನ್ನೊಮ್ಮೆ ಸ್ನಾನ ಮಾಡಬೇಕೆಂದ. ಎಲಿನಾಮಿ ಹಿಂಬದಿಗೆ ಬಂದು ನಕಿಜ್ವಾಳ ಮುಂದೆ ನಿಂತ. ಎತ್ತಿದ ಕೈಯನ್ನು, ಜಗಲಿಯಲ್ಲಿ ಜನರಿದ್ದಾರೆಂದು ನೆನೆದು ಇಳಿಸಿದ.

"ಈ ತೊಟ್ಟಿ ತುಂಬಿಸಿ ಹಾಳಾಗಿ ಹೋಗು. ನಾಳೆಯಿಂದ ಈ ಕಡೆ ನಿನ್ನ ನೆರಳು ಬಿದ್ರೆ ಪೊಲೀಸಿಗೆ ಹಿಡಿಸ್ತೀನಿ, ಸೂಳೆಮುಂಡೆ."

ಅವಳು ಡಬ್ಬ ಎತ್ತಿಕೊಂಡು ತೊರೆಗೆ ಇಳಿದಳು. ನಮ್ಕುಂಡಾ ಬೇಡ ಬಾರಕ್ಕ, ಅವನ ಹೆಣಕ್ಕೆ ಹುಯ್ಯೋಣ ನೀರು ಅಂದಳು. ನಕಿಜ್ವಾ ತುಂಬಿಸಿದಳು, ಹತ್ತಿದಳು, ಮತ್ತೆ ಇಳಿದಳು. ನೀರು ಹೊರುವ ಉಳಿದ ಹೆಂಗಸರೂ ಜೊತೆಗೆ ಹತ್ತಿ ಇಳಿದರು. ಹಂಡೆಯಲ್ಲಿ ನೀರು ಮರಳಿತು. ತೊಟ್ಟಿಗೆ ಸುರಿದು, ತಣ್ಣೀರು ಬೆರೆಸಿ, ಕೈಯಾಡಿಸಿ ಹದ ನೋಡಿದಳು. ಇಷ್ಟು ವರ್ಷ ಅವಳ ಕೈ ಮೊಣಕೈವರೆಗೆ ಮಾತ್ರ ಆ ತೊಟ್ಟಿ ಕಂಡಿತ್ತು.

ಒಳಗಿನ ಕೋಣೆಯಲ್ಲಿ ಲುಗೋಯೆ ಬೂಟು ಬಿಚ್ಚುತ್ತಿದ್ದದ್ದು ಕೇಳಿಸಿತು.

ನಕಿಜ್ವಾ ಕೋಣೆಯ ಕಡೆಗಿದ್ದ ಬಾಗಿಲಿಗೆ ಅಗುಳಿ ಹಾಕಿದಳು. ಸೀಳಿದ ಬಟ್ಟೆ ಬಿಚ್ಚಿ, ಮಡಿಸಿ, ಅಧ್ಯಕ್ಷನ ಟವೆಲಿನ ಮೇಲೆ ಇಟ್ಟಳು. ತೊಟ್ಟಿಯ ಅಂಚು ಹಿಡಿದು ಒಂದು ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು, ಕೂತಳು. ನೀರು ಎದ್ದು ಹೊಟ್ಟೆ, ಎದೆ, ಭುಜ ಮುಚ್ಚಿತು. ಸುಟ್ಟ ಮೊಣಕೈ ಚುರುಗುಟ್ಟಿತು. ಕೆತ್ತಿದ ಮಂಡಿಯಿಂದ ನೀರು ಸ್ವಲ್ಪ ಕೆಂಪಾಯಿತು.

ಬಾಗಿಲು ತಟ್ಟಿದರು. ಮೊದಲು ಮೆಲ್ಲಗೆ. ಆಮೇಲೆ ಎಲಿನಾಮಿಯ ದನಿ, ಒಳಗೆ ಯಾರು.

"ನಾನು ಕನಪ್ಪ. ನಿನ್ ಒಡವುಟ್ಟಿದೋಳು."

ಹೊರಗೆ ಗುಸುಗುಸು, ಓಡಾಟ. ತೊಟ್ಟಿಯಲ್ಲಿ ಕೂತಿದ್ದಾಳೆ ಎಂದು ಯಾರೋ ಹಲಗೆಯ ಸಂದಿನಿಂದ ನೋಡಿ ಹೇಳಿದರು. ಎಲಿನಾಮಿ ಬೈದ. ಬೈಗುಳ ಮುಗಿದ ಮೇಲೆ ಅವನ ದನಿ ಇಳಿಯಿತು. ಅಧ್ಯಕ್ಷರು ಕಾಯುತ್ತಿದ್ದಾರೆ, ಹೊತ್ತಾಗುತ್ತಿದೆ, ನಾಳೆಯೂ ಕೆಲಸಕ್ಕೆ ಬಾ, ಏನೂ ಮಾಡಲ್ಲ ಅಂದ.

"ಬಾಗಿಲು ತೆಗಿಯವ್ವ," ಅಂದ. ಆ ಬಾಯಿಂದ ಅವ್ವ ಅನ್ನುವ ಮಾತು ಹುಟ್ಟಿದ್ದನ್ನು ಅವಳು ಅಂದೇ ಕೇಳಿದ್ದು.

"ಇನ್ನೂ ಸಂಜೆ ಆಗಿಲ್ಲ ಎಲಿನಾಮಿ. ನನ್ ನೌಕ್ರಿ ಮುಗಿದಿಲ್ಲ."

ಒದ್ದು ಒಳಗೆ ನುಗ್ಗಲೆಂದು ಅವನು ಹಸಿರು ಅಂಗಿಯವರನ್ನು ಹಿಂಬಾಗಿಲಿಗೆ ಅಟ್ಟಿದ. ಬಚ್ಚಲಿನ ಹಿಂಬಾಗಿಲು ತೆರೆದೇ ಇತ್ತು. ಆದರೆ ಮೆಟ್ಟಿಲ ತುಂಬ ನೀರಿನ ಹೆಂಗಸರು ಕೂತಿದ್ದರು, ತೊಡೆಯ ಮೇಲೆ ತುಂಬಿದ ಡಬ್ಬ ಇಟ್ಟುಕೊಂಡು. ಅವರಲ್ಲಿ ಆ ಹುಡುಗರ ಅತ್ತೆಯರಿದ್ದರು, ದೊಡ್ಡಮ್ಮಂದಿರಿದ್ದರು. ಸ್ನಾನ ಮಾಡುತ್ತಿರುವ ಮುದುಕಿಯನ್ನು ನೋಡಲು ಯಾವನು ಮೊದಲು ಮೆಟ್ಟಿಲು ಹತ್ತುತ್ತಾನೋ ಅವನ ಹೆಸರು ಬೆಟ್ಟಕ್ಕೆಲ್ಲ ಸಾರುತ್ತೇನೆ ಎಂದು ನಮ್ಕುಂಡಾ ಹೇಳಿದಳು. ಹುಡುಗರು ನಿಂತಲ್ಲೇ ನಿಂತರು. ಲುಗೋಯೆ ಬನಿಯನ್ನಿನಲ್ಲಿ ಜಗಲಿಗೆ ಬಂದು, ಇದೇನಿದು, ಇದೇನಿದು ಎಂದು ಯಾರನ್ನೂ ನೋಡದೆ ಕೇಳುತ್ತಿದ್ದ. ತೆಳ್ಳನೆಯವನು ಕಾರಿನ ಹತ್ತಿರ ಒಬ್ಬನೇ ನಿಂತಿದ್ದ. ಠಾಣೆಯಿಂದ ಪೊಲೀಸರು ಹೊರಟಿದ್ದಾರೆಂದು ಯಾರೋ ಕೂಗಿದರು.

ಕೋಣೆಯ ಕಡೆಗಿದ್ದ ಬಾಗಿಲಿನ ಮೇಲೆ ಕೊಡಲಿಯ ಮೊದಲ ಏಟು ಬಿತ್ತು. ಹಲಗೆ ಸೀಳಿ ಬೆಳಕಿನ ಗೆರೆಯೊಂದು ನೀರಿನ ಮೇಲೆ ಬಿದ್ದು ನಡುಗಿತು.

ನಮ್ಕುಂಡಾ ಹಿಂಬಾಗಿಲಿಂದ ತಲೆ ಹಾಕಿದಳು.

"ಇನ್ನೊಂದ್ ಡಬ್ಬ ಬಿಸ್ನೀರ್ ತರ್ಲಾ ಅಕ್ಕ?"

"ತತ್ತಾ," ಎಂದಳು ನಕಿಜ್ವಾ, ಕೂದಲಿಲ್ಲದ ನೆತ್ತಿಯ ಮೇಲೆ ನೀರು ಹುಯ್ದುಕೊಳ್ಳುತ್ತ. "ತಣ್ಣಗಾಯ್ತಾ ಅದೆ."